ಅಂವ ನಮ್ಮವನಾಗಿ ಉಳಿದಾನೇನ್ರಿ?

ಭಾನುವಾರದ ಆರಾಧನೆಯ ಸಂದೇಶ. ಓದಿದ ವಾಕ್ಯಭಾಗ: ಆದಿಕಾಂಡ 42ನೇ ಅಧ್ಯಾಯ, 6ರಿಂದ 24ನೇ ವಚನ.

ಪ್ರಿಯ ದೇವಜನರೇ, ಇಲ್ಲಿ ಕೂತಿರುವ ಚಿಕ್ಕೋಡಿ, ರಾಯಬಾಗದವರಿಗೆ, ನಿಪ್ಪಾಣಿಯಿಂದ ಬೆಳಗಿನ ಬಸ್ ಹಿಡಿದು ಬಂದವರಿಗೆ, ಅಥಣಿ, ಕಾಗವಾಡ ಕಡೆಯ ಕುಟುಂಬಗಳಿಗೆ ಎಲ್ಲರಿಗೂ ವಂದನೆ. ಹಾಗೆಯೇ ದೂರದ ದೇಶದಲ್ಲಿ ಫೋನಿನಲ್ಲಿ ಈ ಸಂದೇಶ ಕೇಳುವ, ಕೇಳಲು ಆಗದಿದ್ದರೆ ಆಮೇಲೆ ಓದುವ ನಮ್ಮ ಮಕ್ಕಳಿಗೂ ವಂದನೆ. ಇವತ್ತಿನ ಮಾತು ಹೆಚ್ಚಾಗಿ ನಿಮ್ಮ ಬಗ್ಗೆಯೇ ಐತಿ. ಬೈಯಾಕ ಅಲ್ಲ, ಹೆದರಬ್ಯಾಡ್ರಿ.

ಹೋದ ತಿಂಗಳು ಒಂದು ಮನೆಯ ಪ್ರಾರ್ಥನಾಕೂಟ ಮುಗಿದ ಮೇಲೆ ಒಬ್ಬ ತಾಯಿ ನನ್ನನ್ನು ಪಡಸಾಲೆಯಲ್ಲಿ ನಿಲ್ಲಿಸಿದರು. ಅವರ ಮಗ ಆಸ್ಟ್ರೇಲಿಯಾದಲ್ಲಿ ಇದ್ದಾನೆ, ಒಂಬತ್ತು ವರ್ಷ ಆಯಿತು. ಒಳ್ಳೆಯ ಹುಡುಗ. ತಿಂಗಳಿಗೆ ಸರಿಯಾಗಿ ಹಣ ಕಳಿಸುತ್ತಾನೆ. ಆ ತಾಯಿ ಒಂದು ದಿನ ಮಗನ ನೆನಪಾಗಿ ಸುಮ್ಮನೆ ಫೋನ್ ಮಾಡಿದ್ದಾರೆ. ಅವನು ಎತ್ತಿ, "ಅವ್ವಾ, ಹಿಂಗ ಒಮ್ಮಿಂದೊಮ್ಮೆ ಮಾಡಬ್ಯಾಡ. ಮೊದಲ ಮೆಸೇಜ್ ಹಾಕು, ನಾ ಫ್ರೀ ಆಗಿ ಮಾಡ್ತೇನಿ" ಅಂದಿದ್ದಾನೆ. ಸಿಟ್ಟಿನಿಂದ ಅಲ್ಲ, ಮೆತ್ತಗೆ ಅಂದಿದ್ದಾನೆ. ಕೊನೆಗೆ 'ಸಾರಿ' ಅಂತಲೂ ಹೇಳಿದ್ದಾನೆ. ಆ ತಾಯಿಗೆ ಜಾಸ್ತಿ ಚುಚ್ಚಿದ್ದು ಆ 'ಸಾರಿ'. ನನ್ನನ್ನು ಕೇಳಿದರು: "ಪಾಸ್ಟರ್, ಅವ್ವಗ ಯಾರರ ಸಾರಿ ಅಂತಾರೇನ್ರಿ? ಮೊಮ್ಮಗಳಿಗೆ ಕನ್ನಡ ಬರೂದಿಲ್ಲ. ಮಗನ ಕನ್ನಡ ಸುದ್ದಾ ಈಗ ಯಾರದೋ ಆದಂಗ ಕೇಳತೈತಿ. ಅಂವ ನಮ್ಮವನಾಗಿ ಉಳಿದಾನೇನ್ರಿ?"

ನಾನು ಆ ದಿನ ಏನೋ ಒಂದು ಸಮಾಧಾನದ ಮಾತು ಹೇಳಿ ಬಂದೆ. ಸೇವಕರಿಗೆ ಅಂಥ ಮಾತು ಬಾಯಿಯ ತುದಿಯಲ್ಲೇ ಇರುತ್ತವೆ. ಆದರೆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಯಾಕಂದರೆ ಆ ಪ್ರಶ್ನೆ ಹಿಂದೊಮ್ಮೆ ನನ್ನ ಬಗ್ಗೆಯೂ ಎದ್ದಿತ್ತು. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಒಂದು ಮಾತು. ಮಾತು ಬದಲಾಗುವುದು, ನಡೆ ಬದಲಾಗುವುದು ನಮ್ಮ ಈ ಗಡಿಯ ಜನರಿಗೆ ಹೊಸದೇನಲ್ಲ. ನಮ್ಮ ಅಜ್ಜ ರಾಯಬಾಗದ ಹತ್ತಿರದ ಹಳ್ಳಿಯಲ್ಲಿ ಹುಟ್ಟಿದಾಗ ಆ ಭಾಗ ಕೊಲ್ಹಾಪುರ ಮಹಾರಾಜರ ಸಂಸ್ಥಾನದ್ದು. 1949ರಲ್ಲಿ ಕೊಲ್ಹಾಪುರ ಮುಂಬಯಿ ಪ್ರಾಂತಕ್ಕೆ ಸೇರಿತು, ಅಜ್ಜ ಮುಂಬಯಿಯವನಾದ. 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯದವನಾದ. 1973ರಲ್ಲಿ ಕರ್ನಾಟಕದವನಾದ. ಅಜ್ಜ ಎಲ್ಲಿಗೂ ಹೋಗಲಿಲ್ಲ ನೋಡ್ರಿ, ಅದೇ ಮನೆ, ಅದೇ ಬಾವಿ. ಮನುಷ್ಯ ಕುಂತಲ್ಲೇ ಕುಂತಿದ್ದ, ಅವನ ಸುತ್ತಲೇ ಮೂರು ಸಲ ಊರಿನ ಹೆಸರು ತಿರುಗಿತು. ಅವನಿಗೆ ಮೋಡಿ ಅಕ್ಷರ ಓದಲು ಬರುತ್ತಿತ್ತು, ಲೆಕ್ಕ ಮರಾಠಿಯಲ್ಲಿ ಮಾಡುತ್ತಿದ್ದ, ಎತ್ತಿಗೆ ಬೈಯುವಾಗ ಕನ್ನಡ, ಸಾಹುಕಾರನ ಮುಂದೆ ಮತ್ತೆ ಮರಾಠಿ. ನಾವು ಬೀಗರಿಗೆ ಪಾವಣ್ಯಾರು ಅಂತೇವೆ, ಅದು ಮರಾಠಿಯಿಂದ ಬಂತು. ಅವರು ತುಪ್ಪಕ್ಕೆ ತೂಪ ಅಂತಾರೆ, ಅದು ನಮ್ಮಿಂದ ಹೋಯಿತು. ಅಣ್ಣಾ, ಅಕ್ಕಾ ಕೂಡ ಆ ಕಡೆ ಹೋಗಿ ಆರಾಮ ಕುಂತಾವೆ. ನಮ್ಮ ಕನ್ನಡ ಕೇಳಿ ಧಾರವಾಡದವರು ನಗುತ್ತಾರೆ, ನಮ್ಮ ಮರಾಠಿ ಕೇಳಿ ಪುಣೆಯವರು ನಗುತ್ತಾರೆ. ನಾವು ಎರಡೂ ಕಡೆ ನಗೆಪಾಟಲಾಗಿಯೂ ಬದುಕಿದ್ದೇವೆ. ಹಂಗಾಗಿ, ಮಾತು ಕಲಬೆರಕೆ ಆಯಿತೆಂದರೆ ಆತ್ಮವೇ ಕೆಟ್ಟುಹೋಯಿತು ಎಂದು ಹೇಳುವ ಹಕ್ಕು ಬೇರೆ ಯಾರಿಗಾದರೂ ಇದ್ದರೂ ನಮಗೆ ಇಲ್ಲ.

ಈಗ ವಾಕ್ಯಕ್ಕೆ ಬರೋಣ. ಯೋಸೇಫನನ್ನು ಅಣ್ಣಂದಿರು ಮಾರಿದಾಗ ಅವನಿಗೆ 17 ವರ್ಷ. ಫರೋಹನ ಮುಂದೆ ನಿಂತಾಗ 30. ಆಮೇಲೆ ಸಮೃದ್ಧಿಯ 7 ವರ್ಷ ಕಳೆದು, ಬರ ಬಂದು, ಅಣ್ಣಂದಿರು ಧಾನ್ಯಕ್ಕಾಗಿ ಐಗುಪ್ತಕ್ಕೆ ಇಳಿದಾಗ ಅವನು ಮನೆ ಬಿಟ್ಟು ಸುಮಾರು 20 ವರ್ಷವಾಗಿದೆ. ಅಣ್ಣಂದಿರು ಅವನ ಮುಂದೆ ಅಡ್ಡಬೀಳುತ್ತಾರೆ. ಅವನಿಗೆ ಅವರ ಗುರುತು ಹತ್ತುತ್ತದೆ, ಅವರಿಗೆ ಅವನ ಗುರುತು ಹತ್ತುವುದಿಲ್ಲ. ಯಾಕೆ ಹತ್ತಲಿಲ್ಲ? ಮುಖ ಒಂದು ಬದಲಾಗಿರಬಹುದು. ಆದರೆ ಗಡ್ಡ ಬೋಳಿಸಿದ್ದಾನೆ, ನಾರುಮಡಿ ಉಟ್ಟಿದ್ದಾನೆ, ಕೊರಳಲ್ಲಿ ಚಿನ್ನದ ಸರ, ಹೆಸರು ಸಾಫ್ನತ್ಪನ್ನೇಹ, ಹೆಂಡತಿ ಅಲ್ಲಿಯ ಯಾಜಕನ ಮಗಳು. ಎಲ್ಲಕ್ಕಿಂತ ಹೆಚ್ಚಾಗಿ, ಮಾತು. 23ನೇ ವಚನ ಗಮನಿಸಿ. ಅವನು ಅವರ ಜೊತೆ ದುಭಾಷಿಯ ಮೂಲಕ ಮಾತಾಡುತ್ತಿದ್ದ. ತನ್ನ ಸ್ವಂತ ಅಣ್ಣಂದಿರ ಜೊತೆ! ಅವರು ತಮ್ಮತಮ್ಮೊಳಗೆ ಇಬ್ರಿಯ ಭಾಷೆಯಲ್ಲಿ, ನಾವು ತಮ್ಮನಿಗೆ ಮಾಡಿದ್ದಕ್ಕೆ ಈಗ ಅನುಭವಿಸುತ್ತಿದ್ದೇವೆ ಎಂದು ಮಾತಾಡಿಕೊಳ್ಳುತ್ತಾರೆ. ಈ ದೊರೆಗೆ ತಿಳಿಯುವುದಿಲ್ಲ ಅಂದುಕೊಂಡಿದ್ದಾರೆ. ಅವನಿಗೆ ಪ್ರತಿ ಅಕ್ಷರ ತಿಳಿಯುತ್ತಿದೆ. ಅವನು ಆಚೆ ಹೋಗಿ ಅಳುತ್ತಾನೆ.

ಇದನ್ನು ಓದುವಾಗ ನಾವೆಲ್ಲ ಆ ಅಳುವಿನ ಬಗ್ಗೆ ಬೋಧಿಸುತ್ತೇವೆ. ನನಗೆ ದುಭಾಷಿಯ ಬಗ್ಗೆಯೇ ಆಸಕ್ತಿ. ಆ ದುಭಾಷಿ ಮಾತನ್ನು ದಾಟಿಸಲು ನಿಂತಿದ್ದ, ಆದರೆ ಅವನು ಒಂದು ಗೋಡೆಯೂ ಆಗಿದ್ದ. ನಮ್ಮ ಊರುಗಳಲ್ಲಿ ಇಂಗ್ಲಿಷ್ ಬರುವ ಸಾಹೇಬರು ಕನ್ನಡ ಗೊತ್ತಿದ್ದೂ ಗೊತ್ತಿಲ್ಲದಂತೆ ಕುಳಿತು, ಸಿಪಾಯಿಯ ಕೈಲಿ ಮಾತಾಡಿಸುವುದನ್ನು ನೀವು ನೋಡಿಲ್ಲವೇ? ಮಾತು ಮರೆತವನಿಗೂ, ಮಾತು ಇದ್ದು ಮುಚ್ಚಿಟ್ಟವನಿಗೂ ಭಾಳ ಅಂತರ ಐತಿ.

ಈಗ ನನ್ನ ಸಾಕ್ಷಿ. ಇದು ಚಂದದ ಸಾಕ್ಷಿ ಅಲ್ಲ.

ನಾನು 2003ರಲ್ಲಿ ಕುವೈತಿಗೆ ಹೋದೆ. ಕಟ್ಟಡ ಕಟ್ಟುವ ಒಂದು ಕಂಪನಿಯಲ್ಲಿ ಹೆಲ್ಪರ್. ಆಮೇಲೆ ಸ್ಟೋರ್‌ಕೀಪರ್ ಆದೆ. ಒಟ್ಟು ಹನ್ನೊಂದು ವರ್ಷ. ಹೋದ ಹೊಸದರಲ್ಲಿ ರೊಟ್ಟಿ ಇಲ್ಲದೆ ಜೀವ ಹೋದಂತೆ ಆಗುತ್ತಿತ್ತು. ಆರು ತಿಂಗಳಲ್ಲಿ ಖುಬೂಸ್ ರೂಢಿಯಾಯಿತು, ಒಂದು ವರ್ಷದಲ್ಲಿ ರುಚಿ ಹತ್ತಿತು. ಗುರುತಿನ ಚೀಟಿಗೆ ಬಿತಾಕಾ, ಮ್ಯಾನೇಜರಿಗೆ ಮುದೀರ್, ಹೋಗೋಣ ಅನ್ನಲಿಕ್ಕೆ ಯಲ್ಲಾ, ಬಿಟ್ಟುಬಿಡು ಅನ್ನಲಿಕ್ಕೆ ಖಲ್ಲಿ ವಲ್ಲಿ. ಈ ಮಾತುಗಳನ್ನು ನಾನು ಕುಂತು ಕಲಿಯಲಿಲ್ಲ. ಬಟ್ಟೆಗೆ ಧೂಳು ಹತ್ತಿದಂತೆ ಹತ್ತಿದವು. ಅಲ್ಲಿ ವಾರದ ರಜೆ ಶುಕ್ರವಾರ, ಹಂಗಾಗಿ ಆರಾಧನೆಯೂ ಶುಕ್ರವಾರ. ಕುವೈತ್ ಸಿಟಿಯ ಚರ್ಚ್ ಕಾಂಪೌಂಡಿನಲ್ಲಿ ಒಂದು ಕೋಣೆಯಲ್ಲಿ ತೆಲುಗು, ಪಕ್ಕದಲ್ಲಿ ಮಲಯಾಳ, ಆಚೆ ಅರಬ್ಬಿ, ಫಿಲಿಪೀನಿಯರದು ಇನ್ನೊಂದು ಕಡೆ. ಪಂಚಾಶತ್ತಮ ದಿನದ ಅಧ್ಯಾಯ ಅಲ್ಲಿ ನನಗೆ ಕಿವಿಯಿಂದಲೇ ಅರ್ಥವಾಯಿತು. ಆತ್ಮನು ಇಳಿದಾಗ ಜನರನ್ನು ಒಂದೇ ಭಾಷೆಗೆ ತರಲಿಲ್ಲ, ಒಬ್ಬೊಬ್ಬರ ಹುಟ್ಟುಭಾಷೆಯಲ್ಲಿ ಕೇಳಿಸಿದನು. ರಜೆಗೆ ಊರಿಗೆ ಬಂದರೆ ಶುಕ್ರವಾರ ಬೆಳಗ್ಗೆ ನಾನು ಸ್ನಾನ ಮಾಡಿ ಇಸ್ತ್ರಿ ಅಂಗಿ ಹಾಕಿ ತಯಾರಾಗುತ್ತಿದ್ದೆ. ನಮ್ಮವ್ವ ನಗುತ್ತಿದ್ದಳು. "ಇವತ್ತ ಯಾವ ಚರ್ಚ್ ತಗೀತಾರಪಾ ನಿನಗ?"

ಇವೆಲ್ಲ ಪಾಪವೇ? ಅಲ್ಲ. ಇದರಲ್ಲಿ ಪಶ್ಚಾತ್ತಾಪ ಪಡುವುದು ಏನೂ ಇಲ್ಲ.

'ಇನ್ಶಾ ಅಲ್ಲಾ' ಅನ್ನುವ ಮಾತಿಗೆ ಬರುತ್ತೇನೆ. ದೇವರು ಇಚ್ಛಿಸಿದರೆ ಎಂದು ಅರ್ಥ. ಯಾಕೋಬನ ಪತ್ರಿಕೆಯ 4ನೇ ಅಧ್ಯಾಯ ನಮಗೂ ಅದನ್ನೇ ಕಲಿಸುತ್ತದೆ, ನಾಳೆಯ ಬಗ್ಗೆ ಮಾತಾಡುವಾಗ ಕರ್ತನ ಚಿತ್ತವನ್ನು ಮುಂದಿಟ್ಟು ಮಾತಾಡಬೇಕು. ಅಲ್ಲಿಯ ಎಷ್ಟೋ ಜನ ಆ ಮಾತನ್ನು ಭಯಭಕ್ತಿಯಿಂದ ಆಡುತ್ತಿದ್ದರು, ನಾನು ಕಣ್ಣಾರೆ ನೋಡಿದ್ದೇನೆ. ಆದರೆ ನಾನು ಅದನ್ನು ಯಾರಿಂದ ಕಲಿತೆ ಅಂದರೆ, ಕೊಡಲು ಮನಸ್ಸಿಲ್ಲದ ಜನರಿಂದ. "ಪಗಾರ ಯಾವಾಗ ಆಗುತ್ತದೆ?" "ಇನ್ಶಾ ಅಲ್ಲಾ." ಮುಗಿಯಿತು. ನಾನೂ ಸ್ಟೋರಿನಲ್ಲಿ ಕುಂತು ಕೈಗವಸು ಕೇಳಲು ಬಂದ ಕೂಲಿಯವರಿಗೆ ಅದನ್ನೇ ಹೇಳಲು ಶುರು ಮಾಡಿದೆ. ಇಲ್ಲ ಅಂದರೆ ಸಿಟ್ಟಾಗುತ್ತಾರೆ, ಹೌದು ಅಂದರೆ ಕೊಡಬೇಕಾಗುತ್ತದೆ. ಆ ಮಾತಿನಲ್ಲಿ ದೇವರ ಹೆಸರಿದೆ, ಆದರೆ ನಾನು ಆಡುವಾಗ ಅದರಲ್ಲಿ ದೇವರಿರಲಿಲ್ಲ. ಊರಿನಲ್ಲಿ ಕೆಲವರು 'ದೇವರ ಚಿತ್ತವಾದರೆ ಬರತೇವಿ ಪಾಸ್ಟರ್' ಅಂತಾರಲ್ಲ, ಬರುವುದಿಲ್ಲ ಅಂತ ಅರ್ಥ, ಅದೂ ಇದೂ ಒಂದೇ ಜಾತಿ. ನಗಬ್ಯಾಡ್ರಿ.

ಇನ್ನೊಂದು ಶಬ್ದ ಇದೆ, ರಫೀಕ್. ಗೆಳೆಯ, ಜೊತೆಗಾರ ಎಂದು ಅರ್ಥ. ಚಂದದ ಶಬ್ದ. ಆದರೆ ಅಲ್ಲಿ ಹೆಸರು ಗೊತ್ತಿಲ್ಲದ, ಗೊತ್ತು ಮಾಡಿಕೊಳ್ಳುವ ಅಗತ್ಯವೂ ಇಲ್ಲದ ಕೂಲಿಯವನನ್ನು ಕರೆಯಲು ಅದನ್ನು ಬಳಸುತ್ತಾರೆ. "ಏ ರಫೀಕ್, ತಾಲ್!" ಅಂದರೆ 'ಏ ಇವನೇ, ಬಾ ಇಲ್ಲಿ.' ಮೊದಲ ಎರಡು ವರ್ಷ ನಾನು ರಫೀಕ್. ನನಗೆ ತಂದೆತಾಯಿ ಇಟ್ಟ ಹೆಸರಿದೆ, ದೀಕ್ಷಾಸ್ನಾನದಲ್ಲಿ ಎಲ್ಲರ ಮುಂದೆ ಕರೆದ ಹೆಸರಿದೆ. ಅಲ್ಲಿ ಬೆರಳು ಚಿಟಿಕೆ ಹೊಡೆದು ಕರೆಯುತ್ತಿದ್ದರು. ಹಾಗೆ ಕರೆದವರೆಲ್ಲ ಅರಬರು ಅಂದುಕೊಳ್ಳಬೇಡಿ. ನಮ್ಮ ದೇಶದಿಂದಲೇ ಬಂದು ನನಗಿಂತ ಮೊದಲು ಒಂದು ಮೆಟ್ಟಿಲು ಹತ್ತಿದವರೇ ಅವರಲ್ಲಿ ಹೆಚ್ಚು. ರಾತ್ರಿ ಕ್ಯಾಂಪಿನ ಮಂಚದ ಮೇಲೆ ಮಲಗಿ ನಾನು ಪ್ರಾರ್ಥಿಸುತ್ತಿದ್ದೆ, ಕರ್ತನೇ, ನನ್ನನ್ನು ಈ ಚಿಟಿಕೆಯಿಂದ ಬಿಡಿಸು ಅಂತ.

ಕರ್ತನು ಬಿಡಿಸಿದನು. ನಾನು ಸ್ಟೋರ್‌ಕೀಪರ್ ಆದೆ. ಆಗ ಹೊಸದಾಗಿ ಬಂದ ಬಾಂಗ್ಲಾದ ಹುಡುಗರು, ನೇಪಾಳದ ಹುಡುಗರು ನನ್ನ ಕಿಟಕಿಗೆ ಬಂದು ನಿಲ್ಲುತ್ತಿದ್ದರು. ನಾನು ಅವರನ್ನು ಏನೆಂದು ಕರೆದೆ ಅಂತ ನಿಮಗೆ ಈಗಾಗಲೇ ಗೊತ್ತಾಗಿರಬೇಕು. ಯಾವತ್ತಿನಿಂದ ಶುರುವಾಯಿತು ಎಂದು ಕೇಳಿದರೆ ನನಗೆ ನೆನಪಿಲ್ಲ. ಅದೇ ಇದರ ಭಯ. ಒಂದು ದಿನ ನಿರ್ಧಾರ ಮಾಡಿ ಯಾರೂ ದರ್ಪದವರಾಗುವುದಿಲ್ಲ.

ಒಮ್ಮೆ ರಜೆಗೆ ಬಂದಿದ್ದೆ. ನಮ್ಮ ಹೊಲದಲ್ಲಿ ಮೂವತ್ತು ವರ್ಷ ದುಡಿದ ಒಬ್ಬ ಕಾಕಾ ಇದ್ದ. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಜಾತ್ರೆ ತೋರಿಸಿದ ಮನುಷ್ಯ. ಅಂಗಳದ ಆ ಕಡೆ ಹಗ್ಗ ಹೊಸೆಯುತ್ತ ಕೂತಿದ್ದ. ನನಗೆ ಟ್ರಂಕ್ ಕೆಳಗೆ ಇಳಿಸಬೇಕಿತ್ತು. ನಾನು ಚಿಟಿಕೆ ಹೊಡೆದು, "ತಾಲ್, ತಾಲ್, ಯಲ್ಲಾ!" ಅಂದೆ. ಬಾಯಿಗೆ ತಾನಾಗಿ ಬಂತು. ಕಾಕಾನಿಗೆ ಶಬ್ದ ತಿಳಿಯಲಿಲ್ಲ, ಚಿಟಿಕೆ ತಿಳಿಯಿತು. ಏನೂ ಅನ್ನದೆ ಎದ್ದು ಬಂದು ಟ್ರಂಕ್ ಇಳಿಸಿದ, ಮತ್ತೆ ಹೋಗಿ ಹಗ್ಗಕ್ಕೆ ಕೂತ. ಬಾಗಿಲಲ್ಲಿ ನಿಂತಿದ್ದ ನಮ್ಮವ್ವ ಎಲ್ಲ ನೋಡಿದಳು. ರಾತ್ರಿ ಊಟಕ್ಕೆ ಬಡಿಸುವಾಗ ಹೇಳಿದಳು: "ನೀ ಏನ್ ಮಾತಾಡ್ತೀಯೋ ನನಗ ತಿಳೀದಿದ್ರ ನಡೀತೈತಿ. ಯಾರ ಜೋಡಿ ಮಾತಾಡಾಕತ್ತೀನಿ ಅನ್ನೂದು ನಿನಗ ತಿಳೀವಲ್ದಲ್ಲ, ಅದ ನನಗ ಹೆದರಿಕಿ."

ನಾನು ಉಣ್ಣದೆ ಎದ್ದೆ ಅಂತ ಹೇಳಿದರೆ ಸಾಕ್ಷಿ ಚಂದ ಆಗುತ್ತದೆ. ಆದರೆ ನಾನು ಪೂರ್ತಿ ಉಂಡೆ, ನಮ್ಮವ್ವನ ಮೇಲೆ ಸಿಟ್ಟೂ ಮಾಡಿಕೊಂಡೆ. ಕಾಕಾನ ಬಳಿ ಕ್ಷಮೆ ಕೇಳಲು ನನಗೆ ಎರಡು ರಜೆ ಬೇಕಾದವು. ಅಷ್ಟೊತ್ತಿಗೆ ಅವನಿಗೆ ಕಿವಿ ಮಂದವಾಗಿತ್ತು. ಏನ್ ಕೇಳಿಸಿತೋ, "ಇರ್ಲಿ ಬಿಡಪ್ಪಾ, ಟ್ರಂಕ್ ಏನ್ ಭಾರ ಇರಲಿಲ್ಲ" ಅಂದ.

ಇಲ್ಲಿ ಒಂದು ಮಾತನ್ನು ನಾನು ಮರೆಯಬಾರದು. ಅದೇ ಕುವೈತಿನಲ್ಲಿ ರಂಜಾನ್ ತಿಂಗಳಲ್ಲಿ ಸಂಜೆ ಮಸೀದಿಯ ಹತ್ತಿರ ಡೇರೆ ಹಾಕಿ ಉಪವಾಸ ಬಿಡುವ ಊಟ ಇಡುತ್ತಿದ್ದರು. ಬಿಸಿಲಲ್ಲಿ ದುಡಿದು ಬಂದ ಕೂಲಿಯವರು ಸಾಲಾಗಿ ಕೂತರೆ, ನೀನು ಯಾವ ದೇಶದವನು, ಯಾವ ಮತದವನು, ಉಪವಾಸ ಹಿಡಿದಿದ್ದೀಯಾ ಇಲ್ಲವಾ ಎಂದು ಯಾರೂ ಕೇಳುತ್ತಿರಲಿಲ್ಲ. ಮುಂದೆ ತಟ್ಟೆ ಇಟ್ಟು, ಖರ್ಜೂರ ಕೊಟ್ಟು, ನೀರು ಸುರಿದು ಹೋಗುತ್ತಿದ್ದರು. ದೊಡ್ಡ ಮನೆಯ ಗಂಡಸರೇ ಬಡಿಸುತ್ತಿದ್ದರು. ನಾನು ಎಷ್ಟೋ ಸಲ ಆ ಸಾಲಿನಲ್ಲಿ ಉಂಡಿದ್ದೇನೆ. ಅದೂ ಆ ದೇಶದ ರೂಢಿಯೇ ಆಗಿತ್ತು. ಹನ್ನೊಂದು ವರ್ಷ ಆ ಎರಡೂ ರೂಢಿ ನನ್ನ ಮುಂದೆ ಇದ್ದವು. ತಟ್ಟೆ ಇಡುವುದನ್ನು ನಾನು ಕಲಿತು ಬರಲಿಲ್ಲ. ಚಿಟಿಕೆ ಹೊಡೆಯುವುದನ್ನು ಕಲಿತು ಬಂದೆ. ಹಂಗಾಗಿ ನಾನು ಪರದೇಶ ನನ್ನನ್ನು ಕೆಡಿಸಿತು ಅಂತ ಹೇಳುವಂತಿಲ್ಲ. ಆರಿಸಿಕೊಂಡವನು ನಾನು. ಗೊತ್ತಿಲ್ಲದೆ ಆರಿಸಿಕೊಂಡೆ, ಆದರೂ ನಾನೇ.

ಈ ಕಣ್ಣಿನಿಂದ ಮತ್ತೆ ಯೋಸೇಫನ ಕಥೆ ಓದಿದಾಗ ನನಗೆ 47ನೇ ಅಧ್ಯಾಯ ಬೇರೆಯೇ ಕಾಣಿಸಿತು. ನಾವು ಸಾಮಾನ್ಯವಾಗಿ 45ರಲ್ಲಿ ನಿಲ್ಲಿಸಿಬಿಡುತ್ತೇವೆ, ಎಲ್ಲರನ್ನೂ ಹೊರಗೆ ಕಳಿಸಿ, ದುಭಾಷಿಯನ್ನೂ ಕಳಿಸಿ, ತನ್ನ ಬಾಯಿಂದಲೇ ಅಣ್ಣಂದಿರ ಜೊತೆ ಮಾತಾಡುವ ಜಾಗ. ಹಲ್ಲೆಲೂಯಾ, ದೊಡ್ಡ ಜಾಗವೇ. ಆದರೆ ಮುಂದೆ ಓದಿ. ಬರ ಹೆಚ್ಚಾಗುತ್ತದೆ. ಐಗುಪ್ತದ ರೈತರು ಧಾನ್ಯಕ್ಕೆ ಬರುತ್ತಾರೆ. ಯೋಸೇಫ ಮೊದಲು ಅವರ ಹಣ ತೆಗೆದುಕೊಳ್ಳುತ್ತಾನೆ. ಹಣ ತೀರಿತು, ದನಕರು ತೆಗೆದುಕೊಳ್ಳುತ್ತಾನೆ. ದನಕರು ತೀರಿದವು, ಹೊಲ ತೆಗೆದುಕೊಳ್ಳುತ್ತಾನೆ, ಹೊಲದ ಜೊತೆ ಅವರನ್ನೂ ಫರೋಹನಿಗೆ ದಾಸರನ್ನಾಗಿ ತೆಗೆದುಕೊಳ್ಳುತ್ತಾನೆ. ಯಾಜಕರ ಹೊಲಗಳನ್ನು ಮಾತ್ರ ಮುಟ್ಟುವುದಿಲ್ಲ. 20 ಬೆಳ್ಳಿ ನಾಣ್ಯಕ್ಕೆ ಮಾರಾಟವಾಗಿ ಬಂದ ಹುಡುಗ ಇವನೇ ಅಲ್ಲವೇ?

ಇದನ್ನು ಯೋಸೇಫನ ಆಡಳಿತ ಜಾಣತನ ಎಂದು ಬೋಧಿಸುವುದುಂಟು. ನಾನೂ ಬೋಧಿಸಿದ್ದೇನೆ. ಜನ ಸಾಯದೆ ಉಳಿದರು ಎಂಬುದು ನಿಜ, ಅವರೇ ಅವನಿಗೆ ನೀನು ನಮ್ಮ ಜೀವ ಉಳಿಸಿದೆ ಎಂದು ಹೇಳುತ್ತಾರೆ, ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೂ ಈಗ ನನಗೆ ಅದನ್ನು ಮೊದಲಿನ ಹಾಗೆ ಓದಲು ಬರುವುದಿಲ್ಲ. ವಿಮೋಚನಕಾಂಡದ ಮೊದಲನೇ ಅಧ್ಯಾಯಕ್ಕೆ ಹೋಗಿ, ಯೋಸೇಫನನ್ನು ಅರಿಯದ ಹೊಸ ಅರಸ ಬಂದು ಯೋಸೇಫನ ಸ್ವಂತ ಜನರನ್ನೇ ದಾಸರನ್ನಾಗಿ ಮಾಡುತ್ತಾನೆ. ಒಂದು ದೇಶದ ಜನರನ್ನೆಲ್ಲ ಅರಸನಿಗೆ ದಾಸರನ್ನಾಗಿ ಮಾಡಬಹುದು ಎಂದು ಅಷ್ಟೊತ್ತಿಗೆ ಆ ಅರಮನೆಗೆ ಗೊತ್ತಿತ್ತಲ್ಲ. ನಾರುಮಡಿಯಿಂದ ಯೋಸೇಫ ಕೆಡಲಿಲ್ಲ, ಐಗುಪ್ತದ ಭಾಷೆಯಿಂದ ಕೆಡಲಿಲ್ಲ. ಐಗುಪ್ತದ ಹೆಸರು ಹೊತ್ತುಕೊಂಡೇ ಅವನು ಅಣ್ಣಂದಿರನ್ನು ಕ್ಷಮಿಸಿದ. ಆದರೆ ಹಸಿದು ಬಂದವನ ಎದುರು ಹೇಗೆ ಕೂರಬೇಕು ಎಂಬುದನ್ನು ಅವನು ಯಾರಿಂದ ಕಲಿತ? ತಂದೆ ಯಾಕೋಬನ ಗುಡಾರದಲ್ಲಂತೂ ಅಲ್ಲ. ಇದು ನನ್ನ ಓದು. ನಿಮಗೆ ಬೇರೆ ಅನಿಸಿದರೆ ಆರಾಧನೆ ಮುಗಿದ ಮೇಲೆ ಬನ್ನಿ, ಚಹಾ ಕುಡಿಯುತ್ತ ಮಾತಾಡೋಣ.

ಕೆಲವರು ನೆಹೆಮೀಯನ ಪುಸ್ತಕದ 13ನೇ ಅಧ್ಯಾಯ ತೆಗೆದು ನನ್ನನ್ನು ಕೇಳಬಹುದು. ಅಲ್ಲಿ ಮಕ್ಕಳಲ್ಲಿ ಅರ್ಧ ಜನ ಅಷ್ಡೋದಿನ ಭಾಷೆ ಆಡುತ್ತಿದ್ದರು, ಯೆಹೂದ್ಯರ ಭಾಷೆ ಬರುತ್ತಿರಲಿಲ್ಲ. ನೆಹೆಮೀಯ ಸಿಟ್ಟಾಗಿ ತಂದೆಯರನ್ನು ಶಪಿಸಿ, ಹೊಡೆದು, ಕೂದಲು ಕಿತ್ತ. ಆ ಸಿಟ್ಟಿನ ಹಿಂದೆ ಒಂದು ನಿಜವಾದ ನೋವಿದೆ. ದೇವರ ವಾಕ್ಯ ಆ ಭಾಷೆಯಲ್ಲಿತ್ತು, ಮಕ್ಕಳಿಗೆ ಅದು ಮುಚ್ಚಿಹೋಗುತ್ತಿತ್ತು. ನಮ್ಮ ಮೊಮ್ಮಕ್ಕಳಿಗೆ ಅಜ್ಜಿಯ ಪ್ರಾರ್ಥನೆ ತಿಳಿಯದೆ ಹೋದರೆ ಅದು ಸಣ್ಣ ನಷ್ಟ ಅಂತ ನಾನು ಹೇಳುವುದಿಲ್ಲ. ಆದರೆ ಸ್ವಲ್ಪ ಯೋಚಿಸಿ, ಈ ನೆಹೆಮೀಯ ಎಲ್ಲಿ ಬೆಳೆದವನು? ಶೂಷನ್ ಅರಮನೆಯಲ್ಲಿ ಪಾರಸಿಯ ಅರಸನಿಗೆ ಪಾನ ಕೊಡುತ್ತಿದ್ದವನು. ಅರಸನ ಮುಂದೆ ಅವನು ಯಾವ ಭಾಷೆಯಲ್ಲಿ ಮಾತಾಡಿ ಯೆರೂಸಲೇಮಿಗೆ ಹೋಗುವ ಅಪ್ಪಣೆ ಪಡೆದ? ಅವನು ಕಲಿತ ಪರಭಾಷೆಯೇ ಯೆರೂಸಲೇಮಿನ ಗೋಡೆ ಕಟ್ಟಿತು. ಮತ್ತೆ ಅದೇ ಅಧ್ಯಾಯದಲ್ಲಿ ಸಿಟ್ಟಿಗೆ ಗುರಿಯಾದವರಲ್ಲಿ ಮೋವಾಬಿನ ಹೆಂಗಸರನ್ನು ಮದುವೆಯಾದವರೂ ಇದ್ದರು. ನಮ್ಮ ಕರ್ತನ ವಂಶಾವಳಿಯಲ್ಲಿ ರೂತಳು ಯಾವ ಊರಿನವಳು? ಸತ್ಯವೇದ ಎರಡನ್ನೂ ಒಂದೇ ರಟ್ಟಿನೊಳಗೆ ಇಟ್ಟಿದೆ. ನಾನು ಒಂದನ್ನು ಹರಿದು ಬಿಸಾಡಲಾರೆ.

ಇದಕ್ಕೆ ಹತ್ತಿರದ ಒಂದು ಉದಾಹರಣೆ ನಮ್ಮ ಘಟ್ಟದ ಆಚೆಯೇ ಇದೆ, ಕೊಂಕಣದಲ್ಲಿ. ಬೆನೆ ಇಸ್ರಾಯೇಲ್ ಎಂಬ ಯೆಹೂದ್ಯರು ಶತಮಾನಗಳಿಂದ ಅಲ್ಲಿ ನೆಲೆಸಿದ್ದರು. ಮರಾಠಿ ಅವರ ಮನೆಮಾತಾಯಿತು. ಹೆಂಗಸರು ಸೀರೆ ಉಟ್ಟರು. ಊರ ಹೆಸರಿಗೆ 'ಕರ್' ಸೇರಿಸಿ ಅಡ್ಡಹೆಸರು ಮಾಡಿಕೊಂಡರು. ಗಾಣದಲ್ಲಿ ಎಣ್ಣೆ ತೆಗೆಯುವುದು ಅವರ ಕಸುಬು. ಶನಿವಾರ ಮಾತ್ರ ಅವರ ಗಾಣ ತಿರುಗುತ್ತಿರಲಿಲ್ಲ, ಸಬ್ಬತ್ತು. ಹಂಗಾಗಿ ಸುತ್ತಲಿನವರು ಅವರನ್ನು ಶನಿವಾರ ತೇಲಿ ಅಂತ ಕರೆದರು, ಶನಿವಾರದ ಗಾಣಿಗರು. ಮಾತು ಹೋಯಿತು, ಉಡುಗೆ ಹೋಯಿತು, ಒಂದು ದಿನ ಗಾಣ ನಿಲ್ಲಿಸುವುದು ಮಾತ್ರ ಉಳಿಯಿತು. ಎತ್ತಿಗೂ ಆ ದಿನ ರಜೆ, ನೋಡ್ರಿ! 1948ರ ನಂತರ ಅವರಲ್ಲಿ ಬಹಳ ಮಂದಿ ಇಸ್ರಾಯೇಲ್ ದೇಶಕ್ಕೆ ಹೋದರು. ಅಲ್ಲಿ ಏನಾಯಿತು? ಇವರು ಪೂರ್ತಿ ಯೆಹೂದ್ಯರೇ ಎಂದು ಅಲ್ಲಿಯ ಧರ್ಮಾಧಿಕಾರಿಗಳು ಮದುವೆಯ ವಿಷಯದಲ್ಲಿ ಸಂಶಯ ಎತ್ತಿದರು. ಇವರು ಬೀದಿಗೆ ಇಳಿದು ಪ್ರತಿಭಟಿಸಬೇಕಾಯಿತು. 1964ರಲ್ಲಿ ಆ ದೇಶದ ಸರ್ಕಾರವೇ ಇವರು ಎಲ್ಲ ರೀತಿಯಲ್ಲೂ ಯೆಹೂದ್ಯರು ಎಂದು ಹೇಳಬೇಕಾಯಿತು. ಪರದೇಶದಲ್ಲಿ ನೆರೆಯವರು ಗಾಣ ನೋಡಿ ಗುರುತಿಸಿದರು, ಸ್ವಂತದವರು ಮುಖ ನೋಡಿ ಗುರುತಿಸಲಿಲ್ಲ.

ಇನ್ನೊಬ್ಬರ ಹೆಸರು ನಮ್ಮ ಸಭೆಗಳಲ್ಲಿ ಎಲ್ಲರಿಗೂ ಗೊತ್ತು, ಪಂಡಿತಾ ರಮಾಬಾಯಿ. ಕೇಡಗಾಂವದ ಮುಕ್ತಿ ಮಿಷನ್, 1905ರ ಉಜ್ಜೀವನ, ಅದನ್ನು ನಾವು ಎಷ್ಟು ಸಲ ಹೇಳಿಲ್ಲ! ಆ ತಾಯಿ 1858ರಲ್ಲಿ ಹುಟ್ಟಿದ್ದು ನಮ್ಮ ಕರ್ನಾಟಕದ ಪಶ್ಚಿಮ ಘಟ್ಟದ ಕಾಡಿನಲ್ಲಿ, ಮನೆಮಾತು ಮರಾಠಿ. 1883ರಲ್ಲಿ ಪುಟ್ಟ ಮಗಳನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋದರು, ವಾಂಟೇಜ್ ಎಂಬ ಊರಿನಲ್ಲಿ ಸನ್ಯಾಸಿನಿಯರ ಜೊತೆ ಇದ್ದರು. ಇಂಗ್ಲಿಷ್ ಕಲಿತರು, ಅಲ್ಲಿಯೇ ದೀಕ್ಷಾಸ್ನಾನ ಪಡೆದರು. ಆದರೆ ಸೀರೆ ಬಿಡಲಿಲ್ಲ, ಮಾಂಸ ಮುಟ್ಟಲಿಲ್ಲ. ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರ ಯಾಕೆ, ಸಂಸ್ಕೃತ ಯಾಕಿರಬಾರದು ಅಂತ ಆ ಸನ್ಯಾಸಿನಿಯರ ಜೊತೆ ವಾದ ಹಾಕಿದರು. ಇದನ್ನು ಕೇಳಿ ನೀವು, ಹೌದು, ಹಿಂಗ ಗಟ್ಟಿ ಇರಬೇಕು ಅಂತ ಚಪ್ಪಾಳೆ ಹೊಡೆಯುತ್ತೀರಿ. ಸ್ವಲ್ಪ ತಡೆಯಿರಿ.

ಅದೇ ರಮಾಬಾಯಿಯವರನ್ನು ಒಮ್ಮೆ ಲಂಡನ್ನಿನ ಫುಲ್ಹ್ಯಾಮ್‌ಗೆ ಕರೆದುಕೊಂಡು ಹೋದರು. ಸಮಾಜ 'ಕೆಟ್ಟವಳು' ಎಂದು ಹೊರಹಾಕಿದ ಹೆಂಗಸರನ್ನು ಇಟ್ಟುಕೊಂಡು ಆ ಸನ್ಯಾಸಿನಿಯರು ಸಲಹುತ್ತಿದ್ದ ಮನೆ ಅದು. ಅಂಥ ಹೆಂಗಸರ ಜೊತೆ ಹಾಗೆ ಮೆತ್ತಗೆ ಮಾತಾಡಬಹುದು ಎಂಬುದನ್ನು ಅವರು ತಮ್ಮ ಊರಿನಲ್ಲಿ ಎಂದೂ ಕಂಡಿರಲಿಲ್ಲ ಎಂದು ಆಮೇಲೆ ಸಾಕ್ಷಿ ಹೇಳಿದ್ದಾರೆ. ಆ ಒಂದು ರೂಢಿಯನ್ನು ಮಾತ್ರ ಅವರು ಎರಡೂ ಕೈಯಿಂದ ಎತ್ತಿಕೊಂಡು ಬಂದರು. ಮುಕ್ತಿಯಲ್ಲಿ ಅಂಥ ಹೆಂಗಸರಿಗಾಗಿಯೇ ಕೃಪಾಸದನ ಕಟ್ಟಿದರು. ಊಟ, ಉಡುಗೆ, ಅಕ್ಷರದ ವಿಷಯದಲ್ಲಿ ಒಂದು ಇಂಚು ಬಗ್ಗದ ಹೆಂಗಸು, ಎಲ್ಲರೂ ತುಳಿಯುವ ಒಬ್ಬಳ ಜೊತೆ ಹೇಗೆ ಮಾತಾಡಬೇಕು ಎಂಬ ವಿಷಯದಲ್ಲಿ ಪೂರ್ತಿ ಪರದೇಶದವರಾಗಿ ಬಂದರು. ನಾನು ಕುವೈತಿನಿಂದ ಬಂದದ್ದನ್ನು ಇದರ ಪಕ್ಕದಲ್ಲಿ ಇಟ್ಟು ನೋಡಿದರೆ ನಾಚಿಕೆಯಾಗುತ್ತದೆ.

ಪರದೇಶ ಅಂದರೆ ವಿಮಾನ ಹತ್ತಿಯೇ ಹೋಗಬೇಕು ಅಂತಿಲ್ಲ. ಈಗ ಕಾರ್ಖಾನೆಗಳ ಹಂಗಾಮು. ಬೀಡ್ ಕಡೆಯಿಂದ ಕಬ್ಬು ಕಡಿಯುವ ಗ್ಯಾಂಗ್ ಬಂದಿವೆ. ಕಾಲುವೆ ಬದಿಯಲ್ಲಿ ತಟ್ಟಿ, ತಾಡಪತ್ರಿ ಕಟ್ಟಿಕೊಂಡು ಐದಾರು ತಿಂಗಳು ಇರುತ್ತಾರೆ. ಅವರಿಗೆ ಇದೇ ಪರದೇಶ. ಅವರ ಮಕ್ಕಳು ನಮ್ಮ ಅಂಗಡಿಗೆ ಬಂದು ನಮ್ಮಿಂದ ಕನ್ನಡ ಕಲಿಯುತ್ತವೆ. ಯಾವ ಕನ್ನಡ ಕಲಿಯುತ್ತವೆ? 'ಏ, ಸರಿ ಅತ್ಲಾಗ' ಅನ್ನುವ ಕನ್ನಡ. 'ಯಾರ ಗ್ಯಾಂಗಿನವ ಲೇ ನೀ' ಅನ್ನುವ ಕನ್ನಡ. ಅವರಲ್ಲಿ ಗಂಡ ಹೆಂಡತಿ ಸೇರಿ ದುಡಿಯುವ ಜೋಡಿಗೆ ಒಂದು ಕೋಯತಾ ಅಂತ ಲೆಕ್ಕ. ಕೋಯತಾ ಅಂದರೆ ಕಬ್ಬು ಕಡಿಯುವ ಕತ್ತಿ. "ನಿಮ್ಮ ಹೊಲಕ್ಕ ಎಷ್ಟ್ ಕೋಯತಾ ಬಂದಾವು?" ಅಂತ ನಾವು ಕಟ್ಟೆಯ ಮೇಲೆ ಕೂತು ಕೇಳುತ್ತೇವೆ. ಗಂಡ ಇಲ್ಲದೆ ಒಬ್ಬಳೇ ಬಂದರೆ ಅರ್ಧ ಕೋಯತಾ. ನನ್ನ ಕಿವಿಗೆ ಆ ಶಬ್ದ ಬಿದ್ದಾಗಲೆಲ್ಲ ನನಗೆ ರಫೀಕ್ ಕೇಳಿಸುತ್ತದೆ. ಈ ಶಬ್ದವೂ ನಮಗೆ ಮರಾಠಿಯಿಂದಲೇ ಬಂದು ಬಾಯಿಗೆ ಹತ್ತಿತು, ಯಾರೂ ಕುಂತು ಕಲಿಯಲಿಲ್ಲ. ದೂರದ ಮಗನ ನಾಲಿಗೆ ಬದಲಾಯಿತು ಎಂದು ಅಳುವ ನಾವು ನಮ್ಮ ನಾಲಿಗೆಯ ಮೇಲೆ ಏನು ಹತ್ತಿದೆ ಎಂದು ನೋಡಿಕೊಳ್ಳುವುದಿಲ್ಲ.

ಆ ತಾಯಿಯ ಮನೆಗೆ ನಾನು ಮತ್ತೆ ಹೋದೆ. ಮಗ ವೀಡಿಯೊ ಕರೆಯಲ್ಲಿದ್ದ, ಮಾತಾಡಿಸಿದರು. ಅವನಿಗೆ ಬುದ್ಧಿ ಹೇಳಬೇಕು ಅಂತ ಅವರ ಆಸೆ. ನಾನು ಹೇಳಲಿಲ್ಲ. ಸುಮ್ಮನೆ ಕೇಳಿದೆ, ಮೊದಲ ಮೆಸೇಜ್ ಹಾಕು ಅಂತ ಅವ್ವಗ ಯಾಕ ಅಂದಿ ಅಂತ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಅವನು ವೃದ್ಧರ ಆರೈಕೆಯ ಒಂದು ಮನೆಯಲ್ಲಿ ಕೆಲಸ ಮಾಡುತ್ತಾನಂತೆ, ನಮಗ್ಯಾರಿಗೂ ಹೇಳಿರಲಿಲ್ಲ, ಆಫೀಸು ಅಂತಲೇ ಹೇಳಿದ್ದ. ಅಜ್ಜ ಅಜ್ಜಿಯರನ್ನು ಎತ್ತಿ ಸ್ನಾನ ಮಾಡಿಸುವ ಕೆಲಸ. "ಪಾಸ್ಟರ್, ಅವರನ್ನ ಮುಟ್ಟೂಕಿಂತ ಮೊದಲ ಕೇಳಬೇಕ್ರಿ ಇಲ್ಲಿ. ನಿಮ್ಮ ಕೈ ಹಿಡೀಲೇನು, ಎಬ್ಬಸ್ಲೇನು ಅಂತ. ಕೇಳದ ಮುಟ್ಟೂದು ತಪ್ಪ. ದಿನಾ ಕೇಳಿ ಕೇಳಿ ನನಗ ಅದ ರೂಢಿ ಆಗೇತಿ. ಯಾರ ಬಾಗಿಲದಾಗೂ ಸಟ್ನ ಹೋಗಬಾರದು ಅನಿಸ್ತೈತಿ. ಅವ್ವ ಹಂಗ ತಿಳ್ಕೊಂಡಿದ್ದು ನನಗ ಗೊತ್ತಾಗಲಿಲ್ರಿ. ಮತ್ತ ಅವತ್ತ ನನ್ನ ಕೈಯಾಗ ಒಬ್ಬ ಅಜ್ಜಿ ಇದ್ಲು."

ನನ್ನ ಪಕ್ಕದಲ್ಲಿ ಕೂತಿದ್ದ ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಆಮೇಲೆ ಫೋನಿನ ಹತ್ತಿರ ಬಗ್ಗಿ ಕೇಳಿದರು: "ಆ ಅಜ್ಜಿಗೆ ನೀ ಏನಂತ ಕರೀತೀಪಾ?"

"ಆಕೀ ಹೆಸರ ಹಿಡದ ಕರೀತೇನಬೆ. ಹೆಸರ ಹಿಡದ ಕರದ್ರ ಅವರಿಗೆ ಭಾಳ ಖುಷಿ ಆಗತೈತಿ."

ನಮ್ಮ ಕಡೆ ಹಿರಿಯರನ್ನು ಹೆಸರು ಹಿಡಿದು ಕರೆಯುವುದು ಎಂಥ ತಪ್ಪು ನಿಮಗೆ ಗೊತ್ತು. ಆ ತಾಯಿ ಏನೂ ಅನ್ನಲಿಲ್ಲ. ಹೌದಾ, ಅಂದರು ಅಷ್ಟೇ. ಈಗ ಪಕ್ಕದ ಮನೆಯ ಹುಡುಗಿಯ ಕೈಯಲ್ಲಿ ಮೆಸೇಜ್ ಹಾಕಿಸುತ್ತಾರೆ. ಒಮ್ಮೊಮ್ಮೆ ಮರೆತು ನೇರ ಮಾಡುತ್ತಾರೆ, ಅವನು ಎತ್ತುತ್ತಾನೆ. ಮೊಮ್ಮಗಳಿಗೆ ಕನ್ನಡ ಇನ್ನೂ ಬಂದಿಲ್ಲ, ಅದು ಹಾಗೇ ಇದೆ.

ಒಂದು ಪ್ರಕಟಣೆ. ಇವತ್ತು ಸಂಜೆ ನಾಲ್ಕಕ್ಕೆ ಕಾಲುವೆ ಬದಿಯ ಗುಡಿಸಲುಗಳ ಹತ್ತಿರ ಹೋಗುತ್ತಿದ್ದೇವೆ. ಹೊದಿಕೆ, ಮಕ್ಕಳ ಬಟ್ಟೆ ತಂದಿದ್ದವರು ಹಿಂದಿನ ಮೇಜಿನ ಮೇಲೆ ಇಡಿ. ಮರಾಠಿ ಸರಿಯಾಗಿ ಬರುವವರು ನಾಲ್ಕು ಜನ ಬೇಕು, ನಿಪ್ಪಾಣಿಯವರು ಮುಂದೆ ಬನ್ನಿ. ಮೊದಲು ಅವರ ಹೆಸರು ಕೇಳಿ ಬರೆದುಕೊಳ್ಳಬೇಕು, ಗಂಡನದು ಬೇರೆ, ಹೆಂಡತಿಯದು ಬೇರೆ, ಮಕ್ಕಳದು ಬೇರೆ. ಹೊದಿಕೆ ಆಮೇಲೆ.

ಎಲ್ಲರೂ ಎದ್ದು ನಿಲ್ಲೋಣ, ಪ್ರಾರ್ಥನೆ ಮಾಡೋಣ. ಕನ್ನಡದಾಗ ಬರೋರು ಕನ್ನಡದಾಗ, ಮರಾಠಿಯೊಳಗ ಬರೋರು ಮರಾಠಿಯೊಳಗ.